ಸುರಂಗದ ನೀರು ಹೇಳುವ ಚರಿತ್ರೆ

ಕಾಸರಗೋಡಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬೇಕಲ ಕೋಟೆಯಿಂದ ಆರಂಭಿಸಿ, 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ಸಂಗತಿಗೆ ಬಂದು ನಿಲ್ಲುತ್ತಾರೆ. ಅರಸರ ಕಥೆಗೆ ಅಷ್ಟು ಸಾಕು. ಆದರೆ ಈ ನೆಲದಲ್ಲಿ ಜನ ಬದುಕಿದ್ದು ಹೇಗೆಂದು ತಿಳಿಯಬೇಕಾದರೆ ಗುಡ್ಡೆಯ ಮಗ್ಗುಲಲ್ಲಿ ಬಾಯಿ ತೆರೆದಿರುವ ಸುರಂಗಗಳನ್ನು ನೋಡಬೇಕು.

ನಮ್ಮದು ಮಳೆಯ ನಾಡು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಕೇರಳದ 44 ನದಿಗಳಲ್ಲಿ 12 ಈ ಜಿಲ್ಲೆಯಲ್ಲೇ ಹರಿಯುತ್ತವೆ. ಆದರೂ ಏಪ್ರಿಲಿನಲ್ಲಿ ಬಾವಿ ಬತ್ತುತ್ತದೆ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಗುಡ್ಡೆಗಳು ಕಡಿದಾದವು, ಹೊಳೆಗಳು ಗಿಡ್ಡವಾದವು, ನೀರು ಬೇಗನೆ ಕಡಲು ಸೇರುತ್ತದೆ. ಉಳಿಯುವುದು ಮುರಕಲ್ಲಿನೊಳಗೆ ಇಂಗಿದಷ್ಟು ಮಾತ್ರ. 1800-01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಇದೇ ಕಲ್ಲನ್ನು ಕಂಡು 'ಲ್ಯಾಟರೈಟ್' ಎಂದು ಹೆಸರಿಟ್ಟನು. ಕಲ್ಲಿಗೆ ಹೆಸರಿಟ್ಟವನು ಅವನು. ಅದರ ಹೊಟ್ಟೆಯಿಂದ ನೀರು ತೆಗೆದವರು ನಮ್ಮ ಹಿರಿಯರು.

ಸುರಂಗವೆಂದರೆ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಅವನ ಭುಜ ಹಿಡಿಯುವಷ್ಟು ಅಗಲ. ಬೇಸಗೆಯಲ್ಲೂ ಹಸಿರಾಗಿರುವ ಮರ, ಹುತ್ತ, ಮಣ್ಣಿನ ಬಣ್ಣ ಇವನ್ನೆಲ್ಲ ನೋಡಿ ಜಾಗ ಗುರುತಿಸುತ್ತಿದ್ದರು. ಒಬ್ಬ ಪಿಕ್ಕಾಸಿನಿಂದ ಅಗೆದರೆ ಇನ್ನೊಬ್ಬ ಮಣ್ಣು ಹೊರಗೆ ಹಾಕುತ್ತಿದ್ದ. ಉರಿಯುವ ದೀಪ ನಂದಿತೆಂದರೆ ಗಾಳಿ ಸಾಲದೆಂದು ಅರ್ಥ. ತಕ್ಷಣ ಹೊರಗೆ ಬರಬೇಕು. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಕಿಂಡಿ ಇಡುತ್ತಿದ್ದರು. ಒಸರಿದ ನೀರು ಅಡಿಕೆ ಮರದ ದಂಬೆಯಲ್ಲಿ ತಾನಾಗಿ ಹರಿದು ಅಂಗಳದ ಕೆರೆಗೆ ಬೀಳುತ್ತಿತ್ತು. ಹಗ್ಗವಿಲ್ಲ, ರಾಟೆಯಿಲ್ಲ, ಕರೆಂಟಿಲ್ಲ.

ಬ್ಯಾಂಕಿನಲ್ಲಿ ದುಡಿಯುವ ನನಗೆ ಇದರಲ್ಲಿ ಕಾಣುವುದು ಒಂದು ಲೆಕ್ಕ. ಸುರಂಗವು ಗುಡ್ಡೆಯ ಅಸಲನ್ನು ಮುಟ್ಟುವುದಿಲ್ಲ, ಬಡ್ಡಿಯನ್ನಷ್ಟೇ ಪಡೆಯುತ್ತದೆ. ಮಳೆ ಕಡಿಮೆಯಾದ ವರ್ಷ ನೀರೂ ಕಡಿಮೆ. ಆ ವರ್ಷ ಮನೆಯವರೂ ಕೈ ಬಿಗಿ ಹಿಡಿಯಬೇಕು. ಗುಡ್ಡೆ ಕೊಟ್ಟಷ್ಟರಲ್ಲೇ ಬಾಳುವ ಈ ಕ್ರಮದಲ್ಲಿ ಮನುಷ್ಯ ಪ್ರಕೃತಿಯ ಯಜಮಾನನಲ್ಲ, ಅದರ ಮನೆಯವರಲ್ಲಿ ಒಬ್ಬ.

ಈ ವಿದ್ಯೆ ಎಲ್ಲಿಂದ ಬಂತು? ಪಾರಸಿಕರ ಕನಾತಿನಿಂದ, ಅರಬರ ವ್ಯಾಪಾರದ ಮೂಲಕ ಬಂದಿತೆನ್ನುವವರಿದ್ದಾರೆ. ಬಹಮನಿಗಳ ಬೀದರಿನಲ್ಲೂ ಇಂಥ 'ಕರೇಜ್' ಇದೆ. ಇಲ್ಲಿಯದೇ ಬುದ್ಧಿ ಎನ್ನುವವರೂ ಇದ್ದಾರೆ. ಕನ್ನಡದಲ್ಲಿ ಸುರಂಗ, ಮಲಯಾಳದಲ್ಲಿ ತುರಂಗಂ. ಅಗೆದ ಕೈಗಳಲ್ಲಿ ಕನ್ನಡ, ತುಳು, ಮಲಯಾಳ, ಮರಾಠಿ ಎಲ್ಲವೂ ಇದ್ದವು. ತೋಟದ ಯಜಮಾನರ ಹೆಸರು ಉಳಿಯಿತು, ಅಗೆದವರ ಹೆಸರು ಉಳಿಯಲಿಲ್ಲ. ಗಡಿಯಾಚೆ ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಅಗೆದು, ಐದು ಸುರಂಗ ವಿಫಲವಾಗಿ ಆರನೆಯದರಲ್ಲಿ ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆತಾಗ ಹೆಸರಿಲ್ಲದ ಆ ಎಲ್ಲರಿಗೂ ಸ್ವಲ್ಪ ಮರ್ಯಾದೆ ಸಂದಂತಾಯಿತು.

ಸುರಂಗ ಒಂದು ಮನೆಯದಾದರೆ ಕಟ್ಟ ಊರಿನದು. ಮಳೆ ಬಿಟ್ಟ ಮೇಲೆ ತೋಡಿಗೆ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ನೀರು ನಿಲ್ಲಿಸುವುದು. ಮುಂದಿನ ಮಳೆಗಾಲಕ್ಕೆ ಮುಂಚೆ ಬಿಡಿಸುವುದು. ಏತಡ್ಕದಲ್ಲಿ ಒಂದರ ಕೆಳಗೆ ಒಂದರಂತೆ ಸಾಲು ಕಟ್ಟಗಳನ್ನು ಹಾಕುವ ರೂಢಿಯಿದೆ. ನಿಂತ ನೀರು ಇಕ್ಕೆಲದ ಬಾವಿಗಳನ್ನು ತುಂಬಿಸುತ್ತದೆ. ನೆರೆಯವರೊಡನೆ ಮಾತು ಬಿಟ್ಟವನಿಗೆ ಕಟ್ಟ ಹಾಕಲಾಗದು.

ಈ ಸಂಬಂಧ ಮುರಿದರೆ ಏನಾಗುತ್ತದೆಂಬ ಪಾಠವೂ ನಮ್ಮಲ್ಲೇ ನಡೆಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಗುಡ್ಡೆಯ ತಲೆಯ ಮೇಲೆ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಬುಡದಲ್ಲಿ ಜನರ ಸುರಂಗ. 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಲ್ಲಿನ ನೀರಿನಲ್ಲೂ ಜನರ ರಕ್ತದಲ್ಲೂ ಆ ವಿಷವನ್ನು ಕಂಡಿತು. ಪಡ್ರೆಯಿಂದ ಡಾ. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಕನ್ನಡದಲ್ಲಿ ಎತ್ತಿದ ದನಿಗೆ, 1998ರಲ್ಲಿ ನ್ಯಾಯಾಲಯಕ್ಕೆ ಹೋದ ಪೆರಿಯದ ಲೀಲಾಕುಮಾರಿಯಮ್ಮನವರ ಮಲಯಾಳದ ದನಿ ಸೇರಿತು. ಅಂಬಿಕಾಸುತನ್ ಮಾಙಾಡ್ 2009ರಲ್ಲಿ 'ಎಣ್ಮಕಜೆ' ಎಂಬ ಮಲಯಾಳ ಕಾದಂಬರಿಯನ್ನೇ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಗುಡ್ಡೆಯ ತಲೆಗೆ ಸುರಿದದ್ದು ನಮ್ಮ ಚೆಂಬಿಗೇ ಬರುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಚರಿತ್ರೆ ಇನ್ನೊಂದಿಲ್ಲ.

ಕೊಳವೆಬಾವಿ ವಿಷವಲ್ಲ, ನಿಜ. ಆದರೆ ಅದು ಅಸಲಿಗೇ ಕೈ ಹಾಕುತ್ತದೆ. 2017ರ ಅಂತರ್ಜಲ ಗಣನೆಯಲ್ಲಿ ಕಾಸರಗೋಡು ಬ್ಲಾಕು 'ಗಂಭೀರ' ವರ್ಗಕ್ಕೆ ಸೇರಿತ್ತು. ನೆರೆಮನೆಯವನು ಐನೂರು ಅಡಿ ಕೊರೆದನೆಂದು ನಾವು ಆರುನೂರು ಕೊರೆಯುವ ಪಂದ್ಯದಲ್ಲಿ ಗೆದ್ದವರಿಲ್ಲ.

ಭಾಷೆ ಉಳಿಸಿಕೊಳ್ಳಲು ನಾವು ಪಡುತ್ತಿರುವ ಪಾಡು ನ್ಯಾಯವಾದುದೇ. ಆದರೆ ದಂಬೆ, ಮದಕ, ಕಟ್ಟ, ಸುರಂಗ ಎಂಬ ಮಾತುಗಳು ಮಕ್ಕಳ ಬಾಯಲ್ಲಿ ಉಳಿಯಬೇಕಾದರೆ ಅವು ಹಿತ್ತಿಲಲ್ಲೂ ಉಳಿಯಬೇಕು. ಕುಸಿದ ಸುರಂಗದ ಬಾಯಿಯನ್ನು ತಿಳಿದವರನ್ನು ಕರೆಸಿ ಬಿಡಿಸುವುದು, ಗುಡ್ಡೆಯ ನೆತ್ತಿಯ ಮದಕವನ್ನು ಮುಚ್ಚದಿರುವುದು, ಡಿಸೆಂಬರಿನಲ್ಲಿ ನಾಲ್ಕು ಮನೆಯವರು ಸೇರಿ ಒಂದು ಕಟ್ಟ ಹಾಕುವುದು: ಇವು ಯಾವ ಸರಕಾರದ ಅಪ್ಪಣೆಗೂ ಕಾಯಬೇಕಾದ ಕೆಲಸಗಳಲ್ಲ.