ಕಡಲಾಚೆಗೆ ಹೋದ ವೈದ್ಯರು

ಕಲಿತ ವೈದ್ಯರು ತಾಯ್ನಾಡನ್ನು ಬಿಟ್ಟು ಹೋಗುವುದೇಕೆ ಎಂದು ಯಾರಾದರೂ ಕೇಳಿದರೆ, ಹಣದ ಆಸೆಯಿಂದ ಎಂದು ನಾವು ಕೂಡಲೇ ಹೇಳಿಬಿಡುತ್ತೇವೆ. ಆದರೆ ಆಸೆಯೊಂದಿದ್ದರೆ ಸಾಲದು, ಹೋಗಲು ದಾರಿಯೂ ಬೇಕು. ಭಾರತದಿಂದ ಬ್ರಿಟನ್ನಿಗೆ ಆ ದಾರಿ ಬಿದ್ದ ಬಗೆಯನ್ನು ಇತಿಹಾಸದಲ್ಲಿ ನೋಡಬಹುದು.

1835ರಲ್ಲಿ ಕಲ್ಕತ್ತೆಯಲ್ಲಿ ಪಾಶ್ಚಾತ್ಯ ವೈದ್ಯ ಶಿಕ್ಷಣದ ಕಾಲೇಜು ಆರಂಭವಾಯಿತು. 1892ರಲ್ಲಿ ನಮ್ಮ ವಿಶ್ವವಿದ್ಯಾಲಯಗಳ ವೈದ್ಯ ಪದವಿಗಳಿಗೆ ಲಂಡನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ಮನ್ನಣೆ ದೊರೆಯಿತು. ಹೆರಿಗೆಯ ತರಬೇತಿ ಸಾಲದೆಂದು 1930ರಲ್ಲಿ ಆ ಮನ್ನಣೆಯನ್ನು ಹಿಂದೆಗೆದುಕೊಂಡದ್ದೂ ಉಂಟು. ಹೀಗೆ ನಮ್ಮ ಪಾಠಕ್ರಮಕ್ಕೆ ಲಂಡನ್ನೇ ಅಳತೆಗೋಲಾಯಿತು.

ಆಗ ನಮ್ಮಲ್ಲಿ ಇನ್ನೊಂದು ವರ್ಗದ ವೈದ್ಯರೂ ಇದ್ದರು. ಕಡಮೆ ಅವಧಿಯ ಶಿಕ್ಷಣ ಪಡೆದ ಅವರನ್ನು ಜನರು ಎಲ್.ಎಂ.ಪಿ. ಡಾಕ್ಟರರೆಂದು ಕರೆಯುತ್ತಿದ್ದರು. ದೇಶದ ವೈದ್ಯರಲ್ಲಿ ಹೆಚ್ಚಿನವರು ಇವರೇ. ಇವರ ಅರ್ಹತೆಗೆ ಬ್ರಿಟನ್ನಿನಲ್ಲಿ ಬೆಲೆಯಿರಲಿಲ್ಲ. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು, ಬ್ರಿಟನ್ನಿನಲ್ಲಿ ಸಾವಿರ ಜನಕ್ಕೆ ಒಬ್ಬ ವೈದ್ಯನಿದ್ದರೆ ಇಲ್ಲಿ ಆರು ಸಾವಿರಕ್ಕೂ ಹೆಚ್ಚು ಜನಕ್ಕೆ ಒಬ್ಬನೆಂದು ತಿಳಿಸಿತು. ಆದರೂ ಇನ್ನು ಮುಂದೆ ಪೂರ್ಣ ಪದವಿಯ ವೈದ್ಯರನ್ನು ಮಾತ್ರ ತಯಾರಿಸಬೇಕೆಂದು ಬಹುಮತದಿಂದ ಸಲಹೆ ಮಾಡಿತು. ಕೆಲವು ಸದಸ್ಯರು ಇದನ್ನು ಒಪ್ಪಲಿಲ್ಲ. ಉದ್ದೇಶವೇನೋ ಹಿರಿದು. ಆದರೆ ಕಡಲು ದಾಟಲಾರದ ಅರ್ಹತೆ ಕ್ರಮೇಣ ಮರೆಯಾಗಿ, ದಾಟಬಲ್ಲ ಪದವಿಯೊಂದೇ ಉಳಿಯಿತು.

1948ರಲ್ಲಿ ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. ವೈದ್ಯರು ಅಗತ್ಯಕ್ಕಿಂತ ಹೆಚ್ಚಾದಾರೆಂದು ಬಗೆದ ಅಲ್ಲಿನ ವಿಲಿಂಕ್ ಸಮಿತಿಯು 1957ರಲ್ಲಿ ವೈದ್ಯ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸಲು ಹೇಳಿತು. ಲೆಕ್ಕ ತಪ್ಪಿತು. ಅತ್ತ ಬ್ರಿಟಿಷ್ ವೈದ್ಯರೇ ಕೆನಡಾ, ಅಮೆರಿಕ, ಆಸ್ಟ್ರೇಲಿಯಗಳಿಗೆ ಹೊರಟಿದ್ದರು. ತೆರವಾದ ಸ್ಥಾನಗಳಿಗೆ ಭಾರತ, ಪಾಕಿಸ್ತಾನಗಳ ವೈದ್ಯರು ಬಂದರು. ವೃದ್ಧರ ಚಿಕಿತ್ಸೆ, ಮನೋರೋಗ ಚಿಕಿತ್ಸೆ, ವೇಲ್ಸಿನ ಗಣಿ ಪ್ರದೇಶದ ದವಾಖಾನೆಗಳು—ಸ್ಥಳೀಯರು ಒಲ್ಲದ ಕೆಲಸಗಳೇ ಬಹುಮಟ್ಟಿಗೆ ಇವರ ಪಾಲಿಗೆ ಬಂದವು. 1975ರಲ್ಲಿ ನಮ್ಮ ಪದವಿಗಳ ಮನ್ನಣೆ ಮತ್ತೆ ರದ್ದಾಗಿ, ಪರೀಕ್ಷೆಯೊಂದು ಅಡ್ಡ ಬಂದಿತು. ವಲಸೆ ಮಾತ್ರ ನಿಲ್ಲಲಿಲ್ಲ.

ಆರೋಗ್ಯ ಸಿಬ್ಬಂದಿಯ ನೇಮಕ ನ್ಯಾಯವಾಗಿರಬೇಕೆಂಬ ನೀತಿಸಂಹಿತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಅಂಗೀಕರಿಸಿತು. ಅದನ್ನು ಪಾಲಿಸುವುದು ಆಯಾ ದೇಶಗಳ ಇಚ್ಛೆಗೆ ಬಿಟ್ಟದ್ದು. ಹೋದವರನ್ನು ದೂಷಿಸುವುದು ಸುಲಭ. ಅವರು ಹಿಡಿದದ್ದು ನಾವೇ ಕಾಯ್ದುಕೊಂಡು ಬಂದ ದಾರಿಯನ್ನು. ಆದರೆ ಅವರು ಓದಿದ ಸರಕಾರಿ ಕಾಲೇಜುಗಳ ವೆಚ್ಚವನ್ನು ತೆತ್ತವರಲ್ಲಿ, ಕಾಯಿಲೆ ಬಿದ್ದಾಗ ವೈದ್ಯನೊಬ್ಬನನ್ನು ಕಾಣದೆ ಹೋದ ಹಳ್ಳಿಗರೂ ಸೇರಿದ್ದರು. ವಲಸೆಯ ಲಾಭನಷ್ಟವನ್ನು ಎಣಿಸುವಾಗ ಅವರನ್ನು ಮರೆಯಲಾಗದು.