ಬಾಡಿಗೆ ಫ್ಲ್ಯಾಟ್ ಮತ್ತು ವಾಹನ ನಿಲುಗಡೆ ಸ್ಥಳ: ಉಡುಪಿ ನಗರದಲ್ಲಿ ಮನೆ ಹುಡುಕುವವರಿಗೆ ಮಾಹಿತಿ

ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿ ಫ್ಲ್ಯಾಟ್ ಬಾಡಿಗೆಗೆ ಪಡೆಯುವವರು ಬಾಡಿಗೆ ಮೊತ್ತ, ನೀರಿನ ಪೂರೈಕೆ ಮತ್ತು ನಿರ್ವಹಣಾ ಶುಲ್ಕದ ಬಗ್ಗೆ ಸಾಕಷ್ಟು ವಿಚಾರಿಸುತ್ತಾರೆ. ಆದರೆ ವಾಹನ ನಿಲುಗಡೆಯ ವಿಷಯದಲ್ಲಿ "ಕೆಳಗೆ ಜಾಗ ಇದೆ" ಎಂಬ ಬಾಯಿಮಾತನ್ನೇ ನಂಬುವುದು ಸಾಮಾನ್ಯವಾಗಿದೆ. ಮುಂಗಡ ಠೇವಣಿ ಪಾವತಿಸಿ, ಸಾಮಾನು ಇಳಿಸಿದ ನಂತರ ಆ ಜಾಗ ಬೇರೊಂದು ಫ್ಲ್ಯಾಟಿನವರದೆಂದು ತಿಳಿದುಬಂದಲ್ಲಿ, ಬಾಡಿಗೆದಾರರಿಗೆ ರಸ್ತೆಯೇ ಗತಿಯಾಗುತ್ತದೆ.

ಸ್ಥಳದ ಹಕ್ಕು

ಮಾಲೀಕರು ತಮಗಿರುವ ಹಕ್ಕನ್ನು ಮಾತ್ರ ಬಾಡಿಗೆದಾರರಿಗೆ ನೀಡಬಲ್ಲರು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ, ಕಟ್ಟಡದ ಘೋಷಣಾ ಪತ್ರದಲ್ಲಿ ಬೇರೆ ರೀತಿಯಲ್ಲಿ ನಮೂದಿಸದ ಹೊರತು ವಾಹನ ನಿಲುಗಡೆ ಪ್ರದೇಶವು ಎಲ್ಲ ಮಾಲೀಕರಿಗೂ ಸೇರಿದ ಸಾಮಾನ್ಯ ಪ್ರದೇಶವಾಗಿರುತ್ತದೆ. 2016ರ ರೇರಾ ಕಾಯ್ದೆಯೂ ತೆರೆದ ನಿಲುಗಡೆ ಪ್ರದೇಶವನ್ನು ಸಾಮಾನ್ಯ ಪ್ರದೇಶವೆಂದೇ ಪರಿಗಣಿಸುತ್ತದೆ. ಕಂಬಗಳ ನಡುವಿನ ಸ್ಟಿಲ್ಟ್ ಜಾಗವನ್ನು ನಿರ್ಮಾಣದಾರರು ಪ್ರತ್ಯೇಕವಾಗಿ ಮಾರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಮಹಾರಾಷ್ಟ್ರದ ಕಾಯ್ದೆಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ 2010ರಲ್ಲಿ ತೀರ್ಪು ನೀಡಿದೆ.

ಆದುದರಿಂದ ಮಾಲೀಕರ ಕ್ರಯಪತ್ರದಲ್ಲಿ ಅಥವಾ ಹಂಚಿಕೆ ಪತ್ರದಲ್ಲಿ ನಿಲುಗಡೆ ಸ್ಥಳದ ಉಲ್ಲೇಖವಿದೆಯೇ ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು. ಬಳಿಕ ಮಾಲೀಕರ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸುವುದು ಸೂಕ್ತ. ಯಾವ ಫ್ಲ್ಯಾಟಿಗೆ ಯಾವ ಜಾಗ, ಬಾಡಿಗೆದಾರರ ವಾಹನಕ್ಕೆ ಅವಕಾಶವಿದೆಯೇ ಎಂಬುದು ಅಲ್ಲಿ ಖಚಿತವಾಗುತ್ತದೆ. ದಲ್ಲಾಳಿಗಳ ಮಾತು ಇದಕ್ಕೆ ಪರ್ಯಾಯವಲ್ಲ.

ಸ್ಥಳ ಪರಿಶೀಲನೆ

ಹಗಲಿನಲ್ಲಿ ಬಹುತೇಕ ವಾಹನಗಳು ಹೊರಗಿರುವುದರಿಂದ ಎಲ್ಲ ಜಾಗವೂ ಖಾಲಿ ಕಾಣುತ್ತದೆ. ರಾತ್ರಿ ಒಂಬತ್ತರ ನಂತರ ಒಮ್ಮೆ ಹೋಗಿ ನೋಡುವುದು ಅಗತ್ಯ. ಒಂದರ ಹಿಂದೆ ಒಂದು ಕಾರು ನಿಲ್ಲಿಸುವ ವ್ಯವಸ್ಥೆಯಿದ್ದಲ್ಲಿ ಬೆಳಿಗ್ಗೆ ಯಾರು ಮೊದಲು ಹೊರಡುತ್ತಾರೆಂಬುದನ್ನೂ ಕೇಳಿ ತಿಳಿಯಬೇಕು. ನಾಲ್ಕು ಮೀಟರ್‌ಗಿಂತ ಕಡಿಮೆ ಉದ್ದದ ಸಣ್ಣ ಕಾರು ಸಲೀಸಾಗಿ ನಿಲ್ಲುವ ಕಂಬಗಳ ನಡುವೆ ದೊಡ್ಡ ಕಾರಿನ ಬಾಗಿಲು ತೆರೆಯಲಾಗದಿರಬಹುದು. ಟೇಪು ಹಿಡಿದು ಅಳೆಯಲು ಸಂಕೋಚಪಡಬೇಕಿಲ್ಲ. ಮಣಿಪಾಲದಂತಹ ಏರುತಗ್ಗಿನ ಪ್ರದೇಶದಲ್ಲಿ ನೆಲಮಾಳಿಗೆಗೆ ಇಳಿಯುವ ಇಳಿಜಾರನ್ನು ಸ್ವಂತ ವಾಹನದಲ್ಲಿಯೇ ಇಳಿದು, ಹತ್ತಿ ನೋಡುವುದು ಒಳ್ಳೆಯದು.

ಕರಾವಳಿಯ ಮಳೆಯನ್ನು ಮರೆಯುವಂತಿಲ್ಲ. 2020ರ ಸೆಪ್ಟೆಂಬರ್ 20ರ ಮಳೆಗೆ ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕ ಮೊದಲಾದ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ಅಂದು ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಹೊರೆಯವರಲ್ಲಿ ಕೇಳಿದರೆ, ನೆಲಮಟ್ಟದ ಜಾಗದಲ್ಲಿ ವಾಹನ ಸುರಕ್ಷಿತವೇ ಎಂಬುದು ತಿಳಿಯುತ್ತದೆ.

ಕರಾರು ಪತ್ರ

ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಒಂದು ವರ್ಷಕ್ಕೆ ಮೇಲ್ಪಟ್ಟ ಅವಧಿಯ ಗುತ್ತಿಗೆಗೆ ನೋಂದಣಿ ಕಾಯ್ದೆ, 1908ರ ಅನ್ವಯ ನೋಂದಣಿ ಕಡ್ಡಾಯ. ಅವಧಿ ಎಷ್ಟೇ ಇರಲಿ, ಕರಾರು ಪತ್ರದಲ್ಲಿ "ಪಾರ್ಕಿಂಗ್ ಸಹಿತ" ಎಂದಷ್ಟೇ ಬರೆದರೆ ಸಾಲದು. ಜಾಗದ ಸಂಖ್ಯೆ, ಅದು ಇರುವ ಮಹಡಿ, ನಿಲ್ಲಿಸಬಹುದಾದ ಕಾರು ಹಾಗೂ ದ್ವಿಚಕ್ರ ವಾಹನಗಳ ಸಂಖ್ಯೆ, ಅದರ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ ಪ್ರತ್ಯೇಕವೇ, ಮತ್ತು ಜಾಗ ದೊರೆಯದಿದ್ದಲ್ಲಿ ಬಾಡಿಗೆಯಲ್ಲಿ ಎಷ್ಟು ಕಡಿತ ಅಥವಾ ಠೇವಣಿ ಹಿಂದಿರುಗಿಸುವ ಬಗೆ ಹೇಗೆ ಎಂಬುದನ್ನು ನಮೂದಿಸತಕ್ಕದ್ದು. ಈ ಕೊನೆಯ ಷರತ್ತಿಗೆ ಮಾಲೀಕರು ಒಪ್ಪದಿದ್ದರೆ, ಜಾಗದ ಬಗ್ಗೆ ಮತ್ತೊಮ್ಮೆ ವಿಚಾರಿಸಲು ಅದೇ ಸಾಕಷ್ಟು ಕಾರಣ.

ರಸ್ತೆಯಲ್ಲಿ ನಿಲ್ಲಿಸುವವರು

ನಿಲುಗಡೆ ನಿಷೇಧಿತ ಸ್ಥಳದಲ್ಲಿರುವ ಅಥವಾ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಯಾರೂ ನೋಡಿಕೊಳ್ಳದೆ ಬಿಟ್ಟಿರುವ ವಾಹನವನ್ನು ತೆರವುಗೊಳಿಸಲು ಮೋಟಾರು ವಾಹನ ಕಾಯ್ದೆ, 1988ರ ಕಲಂ 127ರ ಅಡಿ ಪೊಲೀಸರಿಗೆ ಅಧಿಕಾರವಿದ್ದು, ಸಾಗಿಸಿದ ವೆಚ್ಚವನ್ನು ವಾಹನದ ಮಾಲೀಕರೇ ಭರಿಸಬೇಕಾಗುತ್ತದೆ. ಹೊಸ ಮನೆಗೆ ಬಂದವರು ವಾಹನದ ನೋಂದಣಿ ಪತ್ರದಲ್ಲಿ ವಿಳಾಸ ಬದಲಾವಣೆಗಾಗಿ, ಇದೇ ಕಾಯ್ದೆಯ ಕಲಂ 49ರಂತೆ, 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.