ಹುಲ್ಲುಗಾವಲು, ಆನೆಕಾಡು ಮತ್ತು ಚಿತ್ರಕಾರನ ಕಣ್ಣು

ಮೈಸೂರಿನಿಂದ ಪಡುವಲಿಗೆ ಹೊರಟ ಹೆದ್ದಾರಿ ಹುಣಸೂರನ್ನು ಮುಟ್ಟಿದಾಗ ಎರಡು ಬಗೆಯ ನಾಡು ನಮ್ಮ ಎರಡು ಕೈಗಳಂತೆ ಚಾಚಿಕೊಳ್ಳುತ್ತದೆ. ಬಡಗಲಿಗೆ ಕೃಷ್ಣರಾಜನಗರ, ಪಿರಿಯಾಪಟ್ಟಣಗಳ ಬಯಲು. ಅಲ್ಲಿ ದನಕರು, ಹೊಲ, ಚುಂಚನಕಟ್ಟೆಯ ಜಾತ್ರೆ. ತೆಂಕಲಿಗೆ ಹೆಗ್ಗಡದೇವನಕೋಟೆಯ ಕಾಡು. ಅಲ್ಲಿ ಆನೆ, ಹುಲಿ, ಕಬಿನಿ ಹೊಳೆ. ದನದ ನಾಡೂ ಕಾಡೂ ಹೀಗೆ ಒಂದೇ ಅಂಗಳದಲ್ಲಿ ಕೂಡಿರುವ ಸೀಮೆ ನಮ್ಮಲ್ಲಿ ಹೆಚ್ಚಿಲ್ಲ. ಇದನ್ನು ಚಿತ್ರದಲ್ಲಿ ಹಿಡಿದವರು ಯಾರು?

ಈ ಪ್ರಶ್ನೆಗೆ ಕಾರಣವುಂಟು. ಅಮೆರಿಕದ ಪಶ್ಚಿಮ ಪ್ರಾಂತದಲ್ಲಿಯೂ ಹೀಗೆಯೇ ಹುಲ್ಲುಗಾವಲು ಮತ್ತು ಕಾಡು ಕೂಡಿದ್ದವು. 1871ರಲ್ಲಿ ಥಾಮಸ್ ಮೊರಾನ್ ಎಂಬ ಚಿತ್ರಕಾರ ಸರ್ಕಾರದ ಭೂಸಮೀಕ್ಷೆಯ ತಂಡದೊಡನೆ ಯೆಲ್ಲೊಸ್ಟೋನ್ ಕಣಿವೆಗೆ ಹೋದ. ಜೊತೆಗೆ ಜಾಕ್ಸನ್ ಎಂಬ ಛಾಯಾಚಿತ್ರಕಾರನೂ ಇದ್ದ. ಇವರು ತಂದ ಚಿತ್ರಗಳನ್ನು ಕಂಡ ಮೇಲೆಯೇ ರಾಜಧಾನಿಯ ಜನರಿಗೆ ಅಂಥ ನೆಲ ಇರುವುದು ನಿಜವೆನ್ನಿಸಿತು. 1872ರ ಮಾರ್ಚಿಯಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮೊರಾನನ ದೊಡ್ಡ ವರ್ಣಚಿತ್ರವನ್ನು ಅಲ್ಲಿನ ಶಾಸನಸಭೆ ಹತ್ತು ಸಾವಿರ ಡಾಲರು ಕೊಟ್ಟು ಕೊಂಡಿತು. ಅವನ ಹಿಂದೆಯೇ ರೆಮಿಂಗ್‌ಟನ್, ರಸೆಲ್ ಎಂಬಿಬ್ಬರು ದನಗಾಹಿಗಳ ಬಾಳನ್ನು ಬರೆದರು. ಕುದುರೆಯೇರಿ ಹಗ್ಗ ಬೀಸುವ ಆ ದನಗಾಹಿಯನ್ನು ಇಂದು ಜಗತ್ತಿಗೆ ಜಗತ್ತೇ ಬಲ್ಲುದು.

ನಮ್ಮ ದನಗಾಹಿಗೆ ಆ ಭಾಗ್ಯ ಬರಲಿಲ್ಲ. ಹಾಗೆಂದು ಅವನ ಕಸುಬು ಕಡಿಮೆಯದೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ 'ಅಮೃತ ಮಹಲ್' ಎಂದು ಹೆಸರಿಟ್ಟ. ಫಿರಂಗಿ ಎಳೆಯಲು ಇವುಗಳಿಗೆ ಸಮನಾದ ಎತ್ತು ಇರಲಿಲ್ಲ. ಈ ಎತ್ತುಗಳ ಬಲದಿಂದ ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಮುಟ್ಟಿದನೆಂದು ಗೆಜೆಟಿಯರು ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡು ಇಂಗ್ಲಿಷರ ಕೈಸೇರಿತು. ಮುಂದೆ ಅದರ ಕೇಂದ್ರ ಹುಣಸೂರಾಯಿತು. ಹಿಂಡುಗಳು ಮೇಯುತ್ತಿದ್ದ ಕಾವಲುಗಳು ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರುಗಳವರೆಗೂ ಹರಡಿದ್ದವು. ಬೇಸಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು ಎಂದು ಕಾಲಕ್ಕೆ ತಕ್ಕ ಹಂಚಿಕೆ. ಬೆಳೆದ ಹೋರಿಗಳನ್ನು ಪಳಗಿಸಲು ಹುಣಸೂರಿಗೆ ಅಟ್ಟುತ್ತಿದ್ದರು.

ಆ ಪಳಗಿಸುವ ಬಗೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಈ ದನಗಳು ಕಾವಲಿನಲ್ಲಿ ಹುಟ್ಟಿ ಕಾವಲಿನಲ್ಲಿ ಬೆಳೆದು ಅರ್ಧ ಕಾಡುಪ್ರಾಣಿಗಳಂತೆಯೇ ಇರುತ್ತಿದ್ದವು. ತಮ್ಮ ಗಾಹಿಯನ್ನುಳಿದು ಬೇರೆ ನರಮನುಷ್ಯನನ್ನು ಕಂಡರೆ ಕೊಂಬು ತಗ್ಗಿಸುವ ಜಾತಿ. ಅವನ್ನು ಚೌಕದ ದೊಡ್ಡಿಗೆ ಹೊಗಿಸಿ, ಕುಣಿಕೆ ಹಾಕಿ, ಕಂಬಕ್ಕೆ ಬಿಗಿದು, ಬುಸುಗುಟ್ಟುವುದು ತಗ್ಗಿದ ಮೇಲೆ ಪಳಗಿದ ಎತ್ತಿನೊಡನೆ ಜೋಡಿ ಕಟ್ಟುತ್ತಿದ್ದರು. ಇದಕ್ಕಿಂತ ಚಿತ್ರಯೋಗ್ಯವಾದ ನೋಟ ಅಮೆರಿಕದ ಯಾವ ಹುಲ್ಲುಗಾವಲಿನಲ್ಲಿದ್ದೀತು? ಆದರೆ ಕಾರ್ನ್‌ವಾಲಿಸನ ದಂಡಿನೊಡನೆ ಬಂದು 1794ರಲ್ಲಿ ಮೈಸೂರು ಸೀಮೆಯ ಚಿತ್ರಗಳ ಪುಸ್ತಕವನ್ನೇ ಪ್ರಕಟಿಸಿದ ರಾಬರ್ಟ್ ಹೋಮನ ಕಣ್ಣು ಕೋಟೆ ಬೆಟ್ಟಗಳ ಮೇಲೆಯೇ ನೆಟ್ಟಿತ್ತು. ಹುಣಸೂರಿನ ದೊಡ್ಡಿ ಲೆಕ್ಕದ ಪುಸ್ತಕದಲ್ಲಿ ಉಳಿಯಿತು. ಆ ಲೆಕ್ಕವೇ ಅದಕ್ಕೆ ಮೃತ್ಯುವೂ ಆಯಿತು: ಖರ್ಚು ಉಳಿಸುವ ನೆಪದಿಂದ 1860ರಲ್ಲಿ ಹಿಂಡನ್ನು ಮಾರಿಬಿಟ್ಟರು. ಮಾರಿದ ಮೇಲೆ ಬುದ್ಧಿ ಬಂದು 1866ರಲ್ಲಿ ಮತ್ತೆ ಕಲೆಹಾಕಿದರು. ತಳಿ ಉಳಿಯಿತೆಂಬುದೇ ಪುಣ್ಯ. ಅದರ ಸಂವರ್ಧನ ಕೇಂದ್ರ ಈಗ ಅಜ್ಜಂಪುರದಲ್ಲಿದೆ.

ಇನ್ನು ಕಾಡಿನ ಕಡೆಗೆ ಬರೋಣ. ದನದ ದೊಡ್ಡಿಯನ್ನು ಹತ್ತುಮಡಿ ಹಿಗ್ಗಿಸಿದರೆ ಅದೇ ಖೆಡ್ಡಾ. ಹೈದರನು ಕಾಕನಕೋಟೆಯಲ್ಲಿ ಆನೆ ಹಿಡಿಯಲು ಹೋಗಿ ಸೋತು, ಮುಂದೆ ಯಾರೂ ಗೆಲ್ಲಲಾರರೆಂದು ಕಲ್ಲಿನ ಮೇಲೆ ಶಾಪವನ್ನು ಬರೆಸಿದನೆಂದು ಸ್ಯಾಂಡರ್ಸನ್ ಬರೆದಿದ್ದಾನೆ. ಈ ಸ್ಯಾಂಡರ್ಸನ್ ನೀರಾವರಿಯ ಅಧಿಕಾರಿ. 1874ರಲ್ಲಿ ಚಾಮರಾಜನಗರದ ಕಡೆ ಮೊದಲ ಬಾರಿಗೆ ಹಿಂಡು ಹಿಂಡಾಗಿ ಆನೆಗಳನ್ನು ಹಿಡಿದವನು. 1878ರಲ್ಲಿ ಲಂಡನಿನಲ್ಲಿ ಅಚ್ಚಾದ ಅವನ ಗ್ರಂಥದಿಂದ ಮೈಸೂರಿನ ಕಾಡು ಹೊರಜಗತ್ತಿಗೆ ಪರಿಚಯವಾಯಿತು. ಆಮೇಲೆ ಕಾಕನಕೋಟೆಯ ಖೆಡ್ಡಾ ರಾಜಾತಿಥ್ಯದ ಒಂದು ಅಂಗವೇ ಆಗಿಹೋಯಿತು. ತಮಟೆ, ಬೆಂಕಿ, ಕೂಗುಗಳಿಂದ ಹಿಂಡನ್ನು ಅಟ್ಟಿ ತಂದು, ಕಬಿನಿಯ ನೀರಿಗಿಳಿಸಿ, ಆಚೆ ದಡದ ಆವರಣದೊಳಕ್ಕೆ ನುಗ್ಗಿಸುವುದು, ಬಾಗಿಲು ಬೀಳುವುದು, ಸಾಕಾನೆಗಳು ಒಳಹೊಕ್ಕು ಒಂದೊಂದನ್ನೇ ಒತ್ತರಿಸಿ ಹಗ್ಗ ಬಿಗಿಯಲು ನೆರವಾಗುವುದು. ಅಟ್ಟಣೆಯ ಮೇಲೆ ಕುಳಿತು ದೊರೆಗಳೂ ವೈಸರಾಯರೂ ನೋಡುವರು. ಅಟ್ಟುವವರು ಮಾತ್ರ ಜೇನುಕುರುಬರು, ಬೆಟ್ಟಕುರುಬರು, ಆನೆಯ ಮಾವುತರು. ಆನೆಯ ಹೆಜ್ಜೆ ಹಿಡಿದು ಹಿಂಡು ಎಲ್ಲಿದೆಯೆಂದು ಹೇಳಬಲ್ಲವರು ಅವರು.

ಅರಮನೆಯ ಚಿತ್ರಕಾರರು ಆನೆಯನ್ನು ಬರೆಯಲಿಲ್ಲವೆಂದಲ್ಲ. ಮೈಸೂರರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆ. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಮುಖಗಳ ಗುರುತು ಸಿಕ್ಕುವಂತೆ ಬರೆದದ್ದು. ನೋಡತಕ್ಕ ಕೆಲಸವೇ ಸರಿ. ಆದರೆ ಅಲ್ಲಿನ ಆನೆ ಜೂಲು ಹೊದ್ದು, ಹಣೆಗೆ ಬಣ್ಣ ಬಳಿಸಿಕೊಂಡು ಬಂದ ಆನೆ. ಕಾಕನಕೋಟೆಯ ಕೆಸರು ಅದರ ಮೈಮೇಲಿಲ್ಲ. ಪಾಶ್ಚಾತ್ಯರ ಭೂದೃಶ್ಯದ ಜಲವರ್ಣವನ್ನು ನಮ್ಮದಾಗಿಸಿಕೊಂಡ ಕೆ. ವೆಂಕಟಪ್ಪನವರು ಉದಕಮಂಡಲ, ಕೊಡೈಕನಾಲುಗಳ ಮಂಜನ್ನೂ ಬಿಸಿಲನ್ನೂ ಹಿಡಿದಿಟ್ಟರು. ಬೆಟ್ಟದ ಮೇಲೆ ನಿಂತ ಆ ಕುಂಚ ಕೆಳಗಿನ ಕಬಿನಿಯ ಕಣಿವೆಗೂ ಇಳಿದಿದ್ದರೆ ಎಂದು ಆಸೆಯಾಗುತ್ತದೆ.

ಕಣಿವೆಗೆ ಇಳಿದವನು ಹೊರಗಿನವನೇ. 1935ರಲ್ಲಿ, ಅದೇ ವರ್ಷ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದರೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದುದಿಲ್ಲ, ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಲನಚಿತ್ರಕಾರ ಮೈಸೂರಿಗೆ ಬಂದ. 'ನಾನೂಕ್' ಚಿತ್ರದಲ್ಲಿ ಹಿಮದೇಶದ ಬೇಟೆಗಾರರನ್ನು ತೋರಿಸಿದವನು; ಈಗ ಕಿಪ್ಲಿಂಗನ ಕಥೆಯೊಂದನ್ನು ಹಿಡಿದು ಆನೆಯ ಚಿತ್ರ ತೆಗೆಯಲು ಹೊರಟಿದ್ದ. ಅವನಿಗೊಬ್ಬ ಹುಡುಗ ಬೇಕಾಗಿತ್ತು. ಕ್ಯಾಮೆರಾ ಹಿಡಿದಿದ್ದ ಬೊರಡೇಲ್ ಅರಮನೆಯ ಆನೆಲಾಯದಲ್ಲಿ ಅವನನ್ನು ಕಂಡುಹಿಡಿದ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮಾವುತನ ಮಗ, ತಬ್ಬಲಿ ಸಾಬು.

1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಚಿತ್ರವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಚಿತ್ರಗಳಿರುವುದು ಗೊತ್ತಾಗುತ್ತದೆ. ಫ್ಲಾಹರ್ಟಿ ಮೈಸೂರಿನಲ್ಲಿ ತೆಗೆದ ಭಾಗದಲ್ಲಿ ಹುಡುಗ ಐರಾವತವೆಂಬ ಆನೆಯೊಡನೆ ತನ್ನ ಪಾಡಿಗೆ ಇದ್ದಾನೆ, ನೀರು ನೀರಾಗಿದೆ, ಕಾಡು ಕಾಡಾಗಿದೆ. ಜೋಲ್ಟನ್ ಕೋರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಸೇರಿಸಿದ ಭಾಗದಲ್ಲಿ ಎಲ್ಲವೂ ಕಟ್ಟಿಸಿದ್ದು. ಆ ವರ್ಷ ವೆನಿಸ್ ಉತ್ಸವದಲ್ಲಿ ಇಬ್ಬರಿಗೂ ಕೂಡಿಯೇ ನಿರ್ದೇಶನದ ಬಹುಮಾನ ಬಂದದ್ದು ಒಂದು ವಿನೋದ. ಸಾಬು ಮರಳಿ ಕಾರಾಪುರಕ್ಕೆ ನೆಲೆಸಲು ಬರಲಿಲ್ಲ. ಹಾಲಿವುಡ್ಡಿಗೆ ಹೋದ, 1944ರಲ್ಲಿ ಅಮೆರಿಕದ ಪ್ರಜೆಯಾದ, ಯುದ್ಧದಲ್ಲಿ ಬಾಂಬರು ವಿಮಾನದ ಬಾಲದಲ್ಲಿ ಕುಳಿತು ಬಂದೂಕು ಹಿಡಿದ, 1963ರಲ್ಲಿ ಮೂವತ್ತೊಂಬತ್ತರ ಪ್ರಾಯಕ್ಕೇ ತೀರಿಕೊಂಡ. ರಸೆಲ್ ರೆಮಿಂಗ್‌ಟನ್ನರು ಬರೆದ ಅದೇ ಪಶ್ಚಿಮಕ್ಕೆ ನಮ್ಮ ಮಾವುತನ ಮಗ ಹೋಗಿ ಸೇರಿದನು ನೋಡಿ.

ಕಾಡಿನವರ ಕಡೆಯಿಂದ ಕಾಡನ್ನು ನೋಡುವ ಕೆಲಸವನ್ನು ನಮ್ಮಲ್ಲಿ ಮಾಡಿದ್ದು ಕುಂಚವಲ್ಲ, ಲೇಖನಿ. ಮಾಸ್ತಿಯವರ 'ಕಾಕನಕೋಟೆ' ನಾಟಕ ರಣಧೀರ ಕಂಠೀರವನ ಕಾಲವನ್ನು ಎತ್ತಿಕೊಂಡು ಕಾಡುಕುರುಬರನ್ನು ರಂಗದ ನಡುವೆ ನಿಲ್ಲಿಸಿತು, 1977ರಲ್ಲಿ ಸಿ. ಆರ್. ಸಿಂಹ ಅದನ್ನು ಚಲನಚಿತ್ರವಾಗಿಸಿದರು. ಅಷ್ಟು ಹೊತ್ತಿಗೆ ಕಾಕನಕೋಟೆಯೇ ಹಳೆಯ ಕಾಕನಕೋಟೆಯಾಗಿ ಉಳಿದಿರಲಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿಗೆ ಅಣೆಕಟ್ಟು ಮುಗಿದು, ಆನೆ ಹಿಡಿಯುತ್ತಿದ್ದ ನೆಲ ನೀರಿನಡಿಗೆ ಸೇರಿತು. ನೆಲದೊಡನೆ ಊರುಗಳೂ ಹಾಡಿಗಳೂ ಎದ್ದವು. ಮುಂದೆ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಾಗ ಮತ್ತಷ್ಟು ಹಾಡಿಗಳವರನ್ನು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆಗಳಲ್ಲಿ ನೆಲೆಗೊಳಿಸಲಾಯಿತು. ಅಟ್ಟಣೆಯ ಮೇಲಿದ್ದವರ ಛಾಯಾಚಿತ್ರಗಳಿಗೆ ಹೆಸರಿನ ಪಟ್ಟಿ ಉಂಟು. ಕೆಳಗೆ ತಮಟೆ ಹಿಡಿದು ನಿಂತವರಿಗೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಅಪರೂಪ.

ನೀರು ಇನ್ನೊಂದು ಚಿತ್ರವನ್ನೂ ತಂದಿತೆಂಬುದನ್ನು ಮರೆಯುವಂತಿಲ್ಲ. ಬೇಸಗೆಯಲ್ಲಿ ಜಲಾಶಯ ತಗ್ಗಿದಾಗ ಅಂಚಿನ ಕೆಸರುನೆಲದಲ್ಲಿ ಹಸುರು ಹುಲ್ಲು ಚಿಗುರುತ್ತದೆ. ಆ ಹುಲ್ಲಿಗೆ ಸುತ್ತಣ ಕಾಡುಗಳ ಆನೆಗಳೆಲ್ಲ ಬಂದು ನೆರೆಯುತ್ತವೆ. ಖೆಡ್ಡಾದ ಕಾಲದಲ್ಲಿ ಬೆಂಕಿ ತಮಟೆಗಳಿಂದ ಅಟ್ಟಿ ತರಬೇಕಾಗಿದ್ದ ಹಿಂಡು ಈಗ ತಾನಾಗಿಯೇ ಬರುತ್ತದೆ. ಇದನ್ನು ಹಿಡಿಯಲು ದೇಶವಿದೇಶಗಳ ಕ್ಯಾಮೆರಾಗಳು ಕಾರಾಪುರದಲ್ಲಿ ಬೀಡುಬಿಡುತ್ತವೆ. ಇಲ್ಲಿನ ಕರಿಚಿರತೆಯೊಂದು ಜಗದ್ವಿಖ್ಯಾತವೇ ಆಗಿದೆ. ನನ್ನ ಮನಸ್ಸಿಗೆ ಅವೆಲ್ಲಕ್ಕಿಂತ ಹೆಚ್ಚು ಹಿಡಿಸುವುದು ಚಿತ್ರಕಾರನೇ ಇಲ್ಲದ ಚಿತ್ರ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡುದಾರಿಗಳ ಪಕ್ಕದಲ್ಲಿ ಕ್ಯಾಮೆರಾಗಳನ್ನು ಕಟ್ಟಿದರು. ಹುಲಿ ನಡೆದು ಬಂದು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಿತು. ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ಎಣಿಸುವ ಕ್ರಮ ಅದರಿಂದ ನೆಲೆಗೊಂಡಿತು. ರಾತ್ರಿಯ ಕತ್ತಲೆಯಲ್ಲಿ ಹಠಾತ್ತನೆ ಬೆಳಕು ಬಿದ್ದ ಆ ಮುಖಗಳಲ್ಲಿ ಅಲಂಕಾರವಿಲ್ಲ, ಅಟ್ಟಣೆಯಿಲ್ಲ.

ಖೆಡ್ಡಾದ ಕೊನೆಯ ತಲೆಮಾರಿನ ಆನೆಗಳಲ್ಲಿ ಅರ್ಜುನನೂ ಒಬ್ಬ. 1968ರಲ್ಲಿ ಕಾಕನಕೋಟೆಯಲ್ಲಿ ಸೆರೆಸಿಕ್ಕಿ, 2012ರಿಂದ 2019ರವರೆಗೆ ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ. ಅಂಬಾರಿಯಡಿಯ ಅವನ ಚಿತ್ರ ಲಕ್ಷಾಂತರ ಮನೆಗಳಲ್ಲಿರಬೇಕು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕೆಲಸದ ನಡುವೆ, ಸಲಗವೊಂದರೊಡನೆ ಕಾದಾಡಿ ಸತ್ತ. ಅವನನ್ನು ಅಲ್ಲಿಯೇ ಮಣ್ಣು ಮಾಡಿದರು. ದೇಹವನ್ನು ಹೆಗ್ಗಡದೇವನಕೋಟೆಯ ಬಳ್ಳೆ ಶಿಬಿರಕ್ಕೆ ತರಬೇಕಾಗಿತ್ತೆಂದು ಇಲ್ಲಿನ ಜನ ಕೇಳಿದರು. ಆ ದಿನ ಗುಂಡಿಯ ಬಳಿ ಮಾವುತ ಅಳುತ್ತ ನಿಂತ ಚಿತ್ರವನ್ನು ನಾಡೆಲ್ಲ ನೋಡಿತು.